ಲೈವ್ ಅಟ್ ಪಾಂಪೆ

ಇಂಗ್ಲೆಂಡಿನ ರಾಕ್ ಗಿಟಾರ್ ವಾದಕ ಡೇವಿಡ್ ಗಿಲ್ಮೋರ್ (ಜನನ 1946) ತಮ್ಮ ಎಪ್ಪತ್ತನೆಯ ವಯಸ್ಸಿನಲ್ಲಿ, 2016ರ ಜುಲೈ 7 ಮತ್ತು 8ರಂದು, ಇಟಲಿಯ ಪಾಂಪೆಯ ಪ್ರಾಚೀನ ರೋಮನ್ ಬಯಲು ರಂಗಮಂದಿರದಲ್ಲಿ ನಡೆಸಿಕೊಟ್ಟ ಕಛೇರಿಗಳ ಚಿತ್ರ. ಗೇವಿನ್ ಎಲ್ಡರ್ ನಿರ್ದೇಶಿಸಿದ ಇದು 2017ರ ಸೆಪ್ಟೆಂಬರಿನಲ್ಲಿ ಮೊದಲು ಚಿತ್ರಮಂದಿರಗಳಲ್ಲಿ ಪ್ರದರ್ಶನಗೊಂಡು, ಅದೇ ತಿಂಗಳ 29ರಂದು ಮನೆಯಲ್ಲಿ ನೋಡುವವರಿಗಾಗಿ ಡಿವಿಡಿಯಲ್ಲೂ, ಅದಕ್ಕಿಂತ ಸ್ಫುಟವಾದ ಚಿತ್ರವನ್ನು ಕೊಡುವ ಬ್ಲೂ-ರೇ ಡಿಸ್ಕ್‌ನಲ್ಲೂ ಬಿಡುಗಡೆಯಾಯಿತು.

ಕ್ರಿ.ಶ. 79ರಲ್ಲಿ ವೆಸೂವಿಯಸ್ ಜ್ವಾಲಾಮುಖಿಯ ಬೂದಿಯಲ್ಲಿ ಹೂತುಹೋದ ಈ ರಂಗಮಂದಿರದಲ್ಲಿಯೇ ಗಿಲ್ಮೋರ್ ಅವರ ಪಿಂಕ್ ಫ್ಲಾಯ್ಡ್ ತಂಡ 1971ರಲ್ಲಿ ಏಡ್ರಿಯನ್ ಮೇಬೆನ್ ಅವರ ಚಿತ್ರಕ್ಕಾಗಿ ಪ್ರೇಕ್ಷಕರಿಲ್ಲದೆ ನುಡಿಸಿತ್ತು. 2016ರಲ್ಲಾದರೋ ಎದುರಿಗೆ ಜನರಿದ್ದರು, ಮತ್ತು ಎರಡೂ ಸಂದರ್ಭಗಳಲ್ಲಿ ನುಡಿಸಲಾದ ಕೃತಿ 'ಒನ್ ಆಫ್ ದೀಸ್ ಡೇಸ್' ಒಂದೇ. ಬೆಳಕಿನ ವೈಭವ ಎಷ್ಟೇ ಇದ್ದರೂ ಚಿತ್ರದ ನಿಜವಾದ ಸಂಪತ್ತು ಗಿಲ್ಮೋರ್ ಅವರ ಬೆರಳುಗಳಲ್ಲಿದೆ: ವೇಗವನ್ನು ಮೆರೆಸದೆ, ತಂತಿಯನ್ನು ಪಕ್ಕಕ್ಕೆ ಎಳೆದು ಒಂದು ಸ್ವರವನ್ನು ಮೇಲಿನದಕ್ಕೆ ಜಾರಿಸಿ ನಿಲ್ಲಿಸುವ ಅವರ ಕ್ರಮ, ವೀಣೆಯ ಗಮಕಕ್ಕೆ ಒಗ್ಗಿದ ಕಿವಿಗೆ ಬಹು ಹತ್ತಿರದ್ದೆನಿಸುತ್ತದೆ.