ಅನ್ನದ ನಷ್ಟ, ಅಗಲಿಕೆಯ ನಷ್ಟ: ಸ್ವೀಡನ್ನಿನ ಮರಣ ಪರಿಹಾರದ ಚರಿತ್ರೆ

ಒಬ್ಬರ ತಪ್ಪಿನಿಂದ ಇನ್ನೊಬ್ಬರ ಜೀವ ಹೋದಾಗ ಮನೆಯವರಿಗೆ ಏನು ಸಲ್ಲಬೇಕು? ಸ್ವೀಡನ್ನಿನಲ್ಲಿ ಈ ಪ್ರಶ್ನೆ ಅಲ್ಲಿನ ಲಿಖಿತ ಕಾನೂನಿನಷ್ಟೇ ಹಳೆಯದು. 13ನೆಯ ಶತಮಾನದ ಆರಂಭದ ವೆಸ್ಟರ್‌ಯೋಟ್‌ಲಾಂಡ್ ಪ್ರಾಂತ್ಯದ ಕಾನೂನು ಕೊಲೆಗೆ ಎರಡು ಬಗೆಯ ದಂಡ ಹೇಳುತ್ತದೆ: ವಾರಸುದಾರನಿಗೆ 9 ಮಾರ್ಕ್, ಕುಲಕ್ಕೆ 12 ಮಾರ್ಕ್. ಕುಲದ ದಂಡಕ್ಕೆ ಕೊಂದವನ ತಂದೆಯ ಕಡೆಯವರೂ ತಾಯಿಯ ಕಡೆಯವರೂ ಆರನೆಯ ತಲೆಯ ನೆಂಟರವರೆಗೆ ಹಣ ಕೂಡಿಸಬೇಕಿತ್ತು. ಸತ್ತವನ ಕಡೆಯವರೂ ಅದೇ ಕ್ರಮದಲ್ಲಿ ಹಂಚಿಕೊಳ್ಳುತ್ತಿದ್ದರು. ಸೇಡನ್ನು ತಡೆಯುವುದೇ ಇದರ ಮುಖ್ಯ ಗುರಿ. ಆದರೂ ನಷ್ಟ ಇಡೀ ನೆಂಟರ ಬಳಗದ್ದು ಎಂಬ ತಿಳಿವಳಿಕೆ ಅದರಲ್ಲಿತ್ತು.

ರಾಜಸತ್ತೆ ಬಲಗೊಂಡಂತೆ ಕೊಲೆ ರಾಜ್ಯದ ವಿರುದ್ಧದ ಅಪರಾಧವಾಯಿತು, ಕುಲ ಹಿಂದೆ ಸರಿಯಿತು. 1864ರ ದಂಡಸಂಹಿತೆಯ ಹೊತ್ತಿಗೆ ಪ್ರಶ್ನೆ ಹೊಟ್ಟೆಪಾಡಿಗೆ ಇಳಿದಿತ್ತು: ಸತ್ತವನ ಸಂಗಾತಿಗೂ ಮಕ್ಕಳಿಗೂ ಜೀವನಾಧಾರ ತಪ್ಪಿದ್ದರೆ ಪರಿಹಾರ. 1886ರ ರೈಲ್ವೆ ಹೊಣೆಗಾರಿಕೆ ಕಾನೂನು, 1929ರ ಕಡ್ಡಾಯ ವಾಹನ ವಿಮೆ, 1975ರ ಸಂಚಾರ ಹಾನಿ ಕಾನೂನು ಬಂದ ಮೇಲೆ ಪರಿಹಾರ ಸಿಗುವುದು ಸುಲಭವಾಯಿತು; ಕೊನೆಯದರಲ್ಲಂತೂ ಚಾಲಕನ ತಪ್ಪನ್ನು ಸಾಬೀತುಪಡಿಸುವ ಅಗತ್ಯವೇ ಇಲ್ಲ. 1972ರ ನಷ್ಟಪರಿಹಾರ ಕಾನೂನಿನ 5ನೆಯ ಅಧ್ಯಾಯದಲ್ಲಿ ನನಗೆ ಬಹಳ ಮುಖ್ಯವೆನಿಸುವ ಒಂದು ಸಾಲಿದೆ: ಸತ್ತವರು ಮನೆಯೊಳಗೆ ಮಾಡುತ್ತಿದ್ದ ಕೆಲಸದ ಮೌಲ್ಯವನ್ನೂ ಜೀವನಾಧಾರವೆಂದೇ ಎಣಿಸಬೇಕು. ಸಂಬಳವಿಲ್ಲದ ಗೃಹಿಣಿ ಸತ್ತರೆ ಆರ್ಥಿಕ ನಷ್ಟವಿಲ್ಲ ಎಂದು ವಾದಿಸುವ ದಾರಿ ಹೀಗೆ ಮುಚ್ಚಿತು.

ದುಃಖ ಮಾತ್ರ ಲೆಕ್ಕದ ಹೊರಗೇ ಉಳಿಯಿತು. 1993ರಲ್ಲಿ ಸುಪ್ರೀಂ ಕೋರ್ಟು, ಉದ್ದೇಶಪೂರ್ವಕ ಕೊಲೆಯಲ್ಲಿ ಹತ್ತಿರದವರ ಮಾನಸಿಕ ಆಘಾತವೂ ದೈಹಿಕ ಗಾಯದಂತೆಯೇ ಪರಿಹಾರಕ್ಕೆ ಅರ್ಹ ಎಂದಿತು. ಆದರೆ ದುಃಖವನ್ನು ಕಾಯಿಲೆಯೆಂದು ತೋರಿಸಬೇಕಿತ್ತು. ಮಗುವನ್ನು ಕಳೆದುಕೊಂಡ ತಾಯಿ ವೈದ್ಯರ ಪ್ರಮಾಣಪತ್ರ ಹಿಡಿದು ಬರಬೇಕೆನ್ನುವುದು ಕ್ರೌರ್ಯ. 2000ದ ತೀರ್ಪು ಆ ಪ್ರಮಾಣಪತ್ರದ ಹೊರೆಯನ್ನು ಇಳಿಸಿತು. 2002ರಲ್ಲಿ ತತ್ವವೇ ಕಾನೂನಿನ ಪಠ್ಯಕ್ಕೆ ಸೇರಿತು. 2022ರ ಜುಲೈ 1ರಿಂದ ಹತ್ತಿರದವರಿಗೆ ವಿಶೇಷ ಪರಿಹಾರವೂ ಜಾರಿಗೆ ಬಂದಿದೆ. ಇದಕ್ಕೆ ಕಾಯಿಲೆ ಬೇಕಿಲ್ಲ, ಅಗಲಿಕೆಯೇ ಸಾಕು. ಕೊಂದವನ ಬಳಿ ಹಣವಿಲ್ಲದೆ, ವಿಮೆಯೂ ಇಲ್ಲದೆ ಹೋದರೆ ಉಮಿಯೊ ನಗರದಲ್ಲಿ 1994ರಲ್ಲಿ ಸ್ಥಾಪನೆಯಾದ ಅಪರಾಧ ಸಂತ್ರಸ್ತರ ಪ್ರಾಧಿಕಾರ ಸರ್ಕಾರದ ಪರವಾಗಿ ಹಣ ಕೊಡುತ್ತದೆ.

ಆದರೆ ಸಾವಿಗೆ ಕಾರಣ ಹಡಗೊಂದರ ದೋಷವಾದರೆ? 1994ರ ಸೆಪ್ಟೆಂಬರ್ 28ರ ನಸುಕಿನಲ್ಲಿ ತಾಲಿನ್‌ನಿಂದ ಸ್ಟಾಕ್‌ಹೋಮಿಗೆ ಬರುತ್ತಿದ್ದ ‘ಎಸ್ಟೋನಿಯಾ’ ಹಡಗು ಮುಂಭಾಗದ ಬಾಗಿಲು ಕಳಚಿ ಬಾಲ್ಟಿಕ್ ಸಮುದ್ರದಲ್ಲಿ ಮುಳುಗಿತು. ಸತ್ತ 852 ಜನರಲ್ಲಿ 501 ಮಂದಿ ಸ್ವೀಡನ್ನಿನವರು. ಹಡಗು ಸುರಕ್ಷಿತವೆಂದು ದೃಢೀಕರಿಸಿದ್ದ ಫ್ರಾನ್ಸಿನ ಬ್ಯೂರೋ ವೆರಿಟಾಸ್ ಮೇಲೂ ಕಟ್ಟಿದ್ದ ಜರ್ಮನಿಯ ಮೇಯರ್ ವೆರ್ಫ್ಟ್ ಮೇಲೂ ಬದುಕುಳಿದವರು, ಬಂಧುಗಳು ಸೇರಿ ಸಾವಿರಕ್ಕೂ ಹೆಚ್ಚು ಜನ ದಾವೆ ಹೂಡಿದರು. ಪ್ಯಾರಿಸ್ ಬಳಿಯ ನಾಂತೇರ್ ನ್ಯಾಯಾಲಯ 2019ರ ಜುಲೈನಲ್ಲಿ, ಉದ್ದೇಶಪೂರ್ವಕವಾದ ಅಥವಾ ಘೋರವಾದ ತಪ್ಪಿಗೆ ಸಾಕಷ್ಟು ಆಧಾರವಿಲ್ಲವೆಂದು ಅದನ್ನು ವಜಾ ಮಾಡಿತು. ಅಷ್ಟರಲ್ಲಿ ದುರಂತ ನಡೆದು ಹೆಚ್ಚುಕಡಿಮೆ ಕಾಲು ಶತಮಾನವೇ ಕಳೆದಿತ್ತು. ದೇಶದೊಳಗೆ ಎಷ್ಟೇ ಒಳ್ಳೆಯ ಕಾನೂನಿದ್ದರೂ ಪ್ರತಿವಾದಿ ಗಡಿಯಾಚೆಗಿದ್ದರೆ ಅದರಿಂದ ಪರಿಹಾರ ಸಿಕ್ಕೇ ಸಿಗುತ್ತದೆಂಬ ಭರವಸೆಯಿಲ್ಲ.

ಹತ್ತಿರದವರು ಯಾರು ಎಂಬ ಪ್ರಶ್ನೆಗೆ ಬಂದರೆ, ಭಾರತದಲ್ಲಿ ಈಗಲೂ ಇರುವ 1855ರ ಮಾರಕ ಅಪಘಾತಗಳ ಕಾಯ್ದೆಯಡಿ ದಾವೆಯ ಫಲ ಸಲ್ಲುವುದು ಸತ್ತವರ ಗಂಡ, ಹೆಂಡತಿ, ಹೆತ್ತವರು, ಮಕ್ಕಳಿಗೆ. ಅಜ್ಜ-ಅಜ್ಜಿ, ಮೊಮ್ಮಕ್ಕಳೂ ಅದರಲ್ಲಿ ಸೇರುತ್ತಾರೆ, ಅಣ್ಣತಮ್ಮ ಅಕ್ಕತಂಗಿಯರು ಸೇರುವುದಿಲ್ಲ. ಸ್ವೀಡನ್ನಿನಲ್ಲಿ ಒಂದೇ ಮನೆಯಲ್ಲಿ ಬಾಳಿದ ಒಡಹುಟ್ಟಿದವರೂ ಹತ್ತಿರದವರೇ. ತಂಗಿಯನ್ನು ಸಾಕಿ ಬೆಳೆಸಿದ ಅಕ್ಕಂದಿರಿರುವ ನಮ್ಮ ನಾಡಿನಲ್ಲಿ ಈ ಕಾಯ್ದೆಯ ಪಟ್ಟಿಯನ್ನು ಇನ್ನಾದರೂ ತಿದ್ದಬೇಕು.