ಊರ ಹೊರಗು

‘ಊರ ಹೊರಗೆ’ ಎಂಬ ಮಾತಿಗೆ ನಮ್ಮಲ್ಲಿ ಬಹುಕಾಲ ಒಂದೇ ಅರ್ಥವಿದ್ದಿತು. ಮಸಣವೂ ಮಾರಿಯ ಗುಡಿಯೂ ಅಸ್ಪೃಶ್ಯರೆನಿಸಿಕೊಂಡವರ ಕೇರಿಯೂ ಇದ್ದ ಆ ನೆಲ, ಊರೊಳಗಿನವರು ಮುಟ್ಟಲೊಲ್ಲದ, ಆದರೆ ಬಿಟ್ಟು ಬಾಳಲೂ ಆಗದ ಎಲ್ಲವನ್ನೂ ಇರಿಸಿಕೊಂಡಿದ್ದ ತಾಣ. ಆ ಅರ್ಥವನ್ನು ತಲೆಕೆಳಗು ಮಾಡಿದುದು ಪ್ಲೇಗು.

1896ರಲ್ಲಿ ಮುಂಬಯಿಯಲ್ಲಿ ತಲೆದೋರಿದ ಈ ವ್ಯಾಧಿ, ರೈಲಿನ ಹಾದಿ ಹಿಡಿದು ತೆಂಕಣಕ್ಕಿಳಿದು, 1898ರ ಆಗಸ್ಟಿನಲ್ಲಿ ಬೆಂಗಳೂರನ್ನು ಹೊಕ್ಕಿತು. ಬಳೇಪೇಟೆ, ಗಾಣಿಗರಪೇಟೆ, ಕುಂಬಾರಪೇಟೆಗಳ ಒತ್ತೊತ್ತಾದ ಮನೆಗಳಲ್ಲಿ, ಧಾನ್ಯದ ಮೂಟೆಗಳ ಸಂದಿಯಲ್ಲಿ ಇಲಿ ಬಿದ್ದಿತೆಂದರೆ ಸಾಕು, ಕಂಕುಳಲ್ಲಿ ಗಡ್ಡೆ ಕಾಣಿಸಿಕೊಳ್ಳುವುದಕ್ಕೆ ಮುನ್ನವೇ ಮನೆ ತೊರೆಯಬೇಕೆಂಬುದನ್ನು ಜನ ಬೇಗನೆ ಕಲಿತರು. ತೋಟವೋ ತೋಪೋ ಉಳ್ಳವನು ಅಲ್ಲಿ ಜೋಪಡಿ ಕಟ್ಟಿಸಿ, ಹಸುವನ್ನೂ ಆಳುಗಳನ್ನೂ ಕರೆದೊಯ್ದು, ಅದನ್ನೊಂದು ವನವಾಸವೆಂದು ಭಾವಿಸಿ ಬಾಳಿದನು; ಅಂಗೈಯಗಲ ನೆಲವೂ ಇಲ್ಲದವನನ್ನು ಸರಕಾರದವರೇ ಶಿಬಿರಕ್ಕೆ ಸಾಗಿಸಿದರು. ಪ್ಲೇಗ್ ಕಮಿಷನರಾಗಿದ್ದ ವಿ. ಪಿ. ಮಾಧವರಾಯರು ದಕ್ಷ ಅಧಿಕಾರಿಗಳೆಂಬುದರಲ್ಲಿ ಸಂದೇಹವಿಲ್ಲ; ಆದರೆ ಹೆಂಚು ಕಿತ್ತು ಬಿಸಿಲು ಬಿಡುವ ದಕ್ಷತೆಗೆ, ಮಳೆಗಾಲದಲ್ಲಿ ಆ ಸೂರಿನಡಿ ಮಲಗಬೇಕಾದವನ ಮುಖ ಕಾಣುವುದಿಲ್ಲ. ಅದೇ ವರ್ಷ ಶ್ರೀರಂಗಪಟ್ಟಣದ ಮಗ್ಗುಲಿನ ಗಂಜಾಮಿನಲ್ಲಿ ಪ್ಲೇಗಿನ ಕಟ್ಟಳೆಗಳ ವಿರುದ್ಧ ಜನ ದಂಗೆಯೆದ್ದರು. 1891ರಲ್ಲಿ 1,80,366 ಇದ್ದ ಬೆಂಗಳೂರಿನ ಜನಸಂಖ್ಯೆ 1901ಕ್ಕೆ 1,59,046ಕ್ಕೆ ಇಳಿಯಿತು. ಸತ್ತವರೆಷ್ಟು, ಓಡಿಹೋದವರೆಷ್ಟು ಎಂಬುದನ್ನು ಆ ಅಂಕಿ ಬೇರ್ಪಡಿಸಿ ಹೇಳದು.

ಪ್ಲೇಗಿಗೆ ಮುಂಚೆಯೇ ಯೋಜಿತವಾಗಿದ್ದು, ಪ್ಲೇಗಿನ ಭಯದಿಂದಲೇ ತುಂಬಿಕೊಂಡ ಬಡಾವಣೆಗಳು ಮಲ್ಲೇಶ್ವರ ಮತ್ತು ಬಸವನಗುಡಿ. ಪೇಟೆಯ ಗಣ್ಯರು, ತಮ್ಮ ಹಿರಿಯರು ಕೇರಿಯವರಿಗೆ ವಿಧಿಸಿದ್ದ ಆ ಹೊರಗನ್ನೇ ಈಗ ನಿವೇಶನವೆಂದು ಕೊಂಡು, ಗಾಳಿ ಬೆಳಕಿನ ಸೌಭಾಗ್ಯವೆಂದು ಹೊಗಳಿದರು. ಆದರೆ ಹೊರಗಿಗೆ ಬಂದವರು ಒಳಗನ್ನು ಗಂಟುಕಟ್ಟಿ ತಂದಿದ್ದರು. ವಿಭಾಗಗಳಿಗೆ ಗೆರೆಯೆಳೆದಾಗ ಜಾತಿಮತಗಳು ಲೆಕ್ಕಕ್ಕೆ ಬಂದವು. ಅದಕ್ಕಿಂತ ಮಿಗಿಲಾಗಿ, ಮನೆಸಾಲುಗಳ ಬೆನ್ನಿಗೆ ಒಂದೊಂದು ಇಕ್ಕಟ್ಟಾದ ಓಣಿ ಉಳಿಯಿತು. ಕನ್ಸರ್ವೆನ್ಸಿ ಗಲ್ಲಿಯೆಂದು ಇಂದಿಗೂ ಕರೆಯಲ್ಪಡುವ ಆ ಓಣಿಯಲ್ಲಿ, ರಂಗೋಲಿಯಿಟ್ಟ ಮುಂಬಾಗಿಲ ಕಣ್ಣಿಗೆ ಬೀಳದಂತೆ ಬಂದು, ಹಿತ್ತಲ ಗೋಡೆಯ ಕಿಂಡಿಯಿಂದ ಮಲವನ್ನು ಬಳಿದು, ಹೊತ್ತು, ಬಂದ ಹಾದಿಯಲ್ಲೇ ಮರಳಬೇಕಾದ ಮನುಷ್ಯನೊಬ್ಬನಿದ್ದನು. ಆರೋಗ್ಯಶಾಸ್ತ್ರದ ನಕ್ಷೆಯಲ್ಲಿ ಆ ಗೆರೆ ನೈರ್ಮಲ್ಯದ ಗೆರೆ. ಹಿತ್ತಿಲಲ್ಲಿ ನಿಂತು ನೋಡಿದರೆ ಅದು ಮಡಿಯ ಗೆರೆ. ಎರಡಕ್ಕೂ ಒಂದೇ ಹಾರೆಯಿಂದ ಪಾಯ ತೋಡಿದ್ದರು.

ಫ್ರೆಂಚ್ ಚಿಂತಕ ಮಿಶೆಲ್ ಫೂಕೋ, ಐರೋಪ್ಯ ಸಮಾಜವು ಕುಷ್ಠರೋಗಿಯನ್ನು ಊರಾಚೆ ಅಟ್ಟಿತು, ಪ್ಲೇಗಿನ ಊರನ್ನಾದರೋ ಮನೆಮನೆಯಾಗಿ ಬೀಗವಿಕ್ಕಿ ಪಟ್ಟಿಮಾಡಿತು ಎಂದು ಎರಡು ಮಾದರಿಗಳನ್ನು ಬಿಡಿಸಿ ತೋರಿದನು. ಅಟ್ಟಲ್ಪಟ್ಟವರ ನೆಲಕ್ಕೆ ಅಟ್ಟಿದವರೇ ಹಣ ತೆತ್ತು ಬಂದು ನೆಲೆಸುವ ನಮ್ಮ ಮಾದರಿ ಅವನ ಲೆಕ್ಕದಲ್ಲಿಲ್ಲ. ಕೊಳೆಯೆಂದರೆ ಇರಬಾರದೆಡೆಯಲ್ಲಿರುವ ವಸ್ತುವೆಂಬ ಮಾನವಶಾಸ್ತ್ರಜ್ಞೆ ಮೇರಿ ಡಗ್ಲಸ್‌ಳ ವಿಚಾರ ನಮಗೆ ಇನ್ನಷ್ಟು ಹತ್ತಿರದ್ದು. ಎಡೆ ಯಾವುದೆಂದು ಗೊತ್ತುಮಾಡುವವನ ಕೈಯಲ್ಲಿಯೇ ಕೊಳೆಯ ವ್ಯಾಖ್ಯೆಯೂ ಇರುತ್ತದೆಯಷ್ಟೆ. ಅನಂತಮೂರ್ತಿಯವರ ‘ಸಂಸ್ಕಾರ’ವನ್ನು ಓದಿದವರು ನೆನೆಯಬಹುದು: ಅಗ್ರಹಾರದ ಒಂದು ಹೆಣಕ್ಕೆ ಧರ್ಮಶಾಸ್ತ್ರಗಳೆಲ್ಲ ತೆರೆದುಕೊಳ್ಳುತ್ತವೆ, ಕೇರಿಯ ಗುಡಿಸಲು ಹೆಣಗಳ ಸಮೇತ ಉರಿದುಹೋದಾಗ ತಾಳೆಗರಿಯೊಂದೂ ಅಲುಗುವುದಿಲ್ಲ.

2020ರ ಮಾರ್ಚ್ 24ರ ರಾತ್ರಿ, ಕೋವಿಡ್ ತಡೆಗೆಂದು ನಾಲ್ಕೇ ಗಂಟೆಗಳ ಮುನ್ಸೂಚನೆಯಿಂದ ದೇಶಕ್ಕೆ ಬೀಗ ಬಿದ್ದಾಗ ದಿಕ್ಕು ಮತ್ತೊಮ್ಮೆ ಬದಲಾಯಿತು. ಈ ಸಲ ಒಳಗೇ ಸೌಭಾಗ್ಯ. ಆರಡಿ ಅಂತರ ಕಾಯಿರೆಂಬ ಉಪದೇಶವು ಹತ್ತಡಿಯ ತಗಡಿನ ಶೆಡ್ಡಿನಲ್ಲಿ ಐದಾರು ಜನ ಮಲಗುವ ಕಟ್ಟಡ ಕಾರ್ಮಿಕರನ್ನೂ ಮುಟ್ಟಿರಬೇಕು. ಅವರು ಬಿಹಾರಕ್ಕೋ ಒಡಿಶಾಕ್ಕೋ ಮರಳಹೊರಟಾಗ, ಮೇ ಮೊದಲ ವಾರದಲ್ಲಿ ಕಟ್ಟಡ ನಿರ್ಮಾಪಕರೊಡನೆ ಸಭೆ ನಡೆಸಿದ ರಾಜ್ಯ ಸರಕಾರವು ವಿಶೇಷ ರೈಲುಗಳು ಬೇಡವೆಂದು ರೈಲ್ವೆಗೆ ಬರೆಯಿತು. ಎಲ್ಲೆಡೆಯಿಂದ ಆಕ್ಷೇಪವೆದ್ದ ಮೇಲೆ ಎರಡು ಮೂರು ದಿನಗಳಲ್ಲಿ ಮಾತು ಹಿಂತೆಗೆದುಕೊಂಡಿತು. 1898ರಲ್ಲಿ ಬಡವನನ್ನು ಮನೆಯಿಂದೆಬ್ಬಿಸಿದ್ದರು. ಈಗ ಮನೆಗೆ ಹೋಗಗೊಡಲಿಲ್ಲ.

ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು 1970ರ ದಶಕದಲ್ಲಿ ಸಚಿವ ಬಿ. ಬಸವಲಿಂಗಪ್ಪನವರು ನಿಷೇಧಿಸಿದ ತರುವಾಯ ಕನ್ಸರ್ವೆನ್ಸಿ ಗಲ್ಲಿಗಳು ತಮ್ಮ ಕಸುಬನ್ನು ಕಳೆದುಕೊಂಡವು; ಕೆಲವನ್ನು ಮಗ್ಗುಲ ಮನೆಗಳು ನುಂಗಿದವು, ಕೆಲವು ವಾಹನ ನಿಲ್ಲಿಸುವ ಜಾಗವಾದವು. 2020ರ ಆ ಏಪ್ರಿಲ್‌ನ ಬೆಳಗುಗಳಲ್ಲಿ, ವಾಹನಗಳ ಸದ್ದಡಗಿ ಕೋಗಿಲೆ ಕೇಳುತ್ತಿದೆಯೆಂದು ಬಡಾವಣೆಯವರು ಮಹಡಿಯ ಮೇಲೆ ನಿಂತು ಸಂತೋಷಪಡುತ್ತಿದ್ದಾಗ, ಕೆಳಗೆ ಪೌರಕಾರ್ಮಿಕ ಹೆಂಗಸರು ಮುಖಕ್ಕೆ ಸೆರಗು ಬಿಗಿದು ಮುಂಬಾಗಿಲ ಬೀದಿಯನ್ನೇ ಗುಡಿಸುತ್ತಿದ್ದರು. ಕಸದ ಬುಟ್ಟಿಗಳನ್ನು ಮಾತ್ರ ಮನೆಯವರು ಗೇಟಿನ ಹೊರಗೆ, ಕೈ ತಾಕದಷ್ಟು ದೂರದಲ್ಲಿ, ಇರಿಸಿ ಹೋಗಿದ್ದರು.