ಕಡುಬು, ಕುಡುಮು, ಕೊಳುಕ್ಕಟ್ಟೈ: ಹೊಸೂರು ಸೀಮೆಯ ಒಂದು ಅಡುಗೆಪದದ ಚರಿತ್ರೆ

ಹೊಸೂರು ಸೀಮೆಯ ಭಾಷಾಚರಿತ್ರೆಯನ್ನು ನಾವು ಸಾಮಾನ್ಯವಾಗಿ ಆಡಳಿತದ ಗಡಿಗಳಿಂದ ಆರಂಭಿಸುತ್ತೇವೆ. 1792ರ ಶ್ರೀರಂಗಪಟ್ಟಣ ಒಪ್ಪಂದದಂತೆ ಕೃಷ್ಣಗಿರಿಯನ್ನೊಳಗೊಂಡ ಬಾರಾಮಹಲು ಕಂಪನಿಯ ವಶವಾಯಿತು. ಘಟ್ಟದ ಮೇಲಿನ ಹೊಸೂರು ಅದನ್ನು ಸೇರಿದ್ದು 1799ರಲ್ಲಿ. 1956ರ ಪುನರ್ವಿಂಗಡಣೆಯಲ್ಲಿ ಎರಡೂ ಮದರಾಸು ರಾಜ್ಯದಲ್ಲಿಯೇ ಉಳಿದವು. ಸೇಲಂ ಜಿಲ್ಲೆಯ ಈ ಭಾಗ 1965ರಲ್ಲಿ ಧರ್ಮಪುರಿಗೆ, 2004ರಲ್ಲಿ ಕೃಷ್ಣಗಿರಿಗೆ ಸೇರಿತು. ಈ ದಾಖಲೆಗಳೊಳಗೆ ಬಾರದ ಸಾಕ್ಷ್ಯವೊಂದು ಗಣೇಶ ಚೌತಿಯ ದಿನ ಹಬೆಯಲ್ಲಿ ಬೇಯುತ್ತದೆ.

ಕನ್ನಡ ಮನೆಯಲ್ಲಿ ಅದು ಕಡುಬು, ತೆಲುಗು ಮನೆಯಲ್ಲಿ ಕುಡುಮು, ತಮಿಳು ಮನೆಯಲ್ಲಿ ಕೊಳುಕ್ಕಟ್ಟೈ. ಕೈಕೆಲಸ ಬಹುಮಟ್ಟಿಗೆ ಒಂದೇ: ಕುದಿನೀರಿಗೆ ಉಪ್ಪು, ಎಣ್ಣೆ ಹಾಕಿ ಅಕ್ಕಿಹಿಟ್ಟನ್ನು ಉಕ್ಕರಿಸಿ, ಬಿಸಿಯಾರುವ ಮುನ್ನ ನಾದಿ, ಬಟ್ಟಲಂತೆ ತಟ್ಟಿ, ಕಾಯಿಬೆಲ್ಲದ ಹೂರಣವಿಟ್ಟು ಮುಚ್ಚುವುದು. ಹಿಟ್ಟು ತಣಿದರೆ ಅಂಚು ಬಿರಿಯುತ್ತದೆ, ಯಾವ ಭಾಷೆಯ ಮನೆಯಲ್ಲಾದರೂ. ಹೂರಣವೂ ಹಂಚಿಕೊಂಡ ಪದವೇ. ತಮಿಳಿನ ಪೂರಣಂ, ತೆಲುಗಿನ ಪೂರ್ಣಂ ಪಕಾರವನ್ನು ಉಳಿಸಿಕೊಂಡಿವೆ. ಕನ್ನಡದಲ್ಲಿ ಮಾತ್ರ ಅದು ಪಾಲು ಹಾಲಾದಂತೆ, ಪೂ ಹೂವಾದಂತೆ ಹಕಾರವಾಗಿದೆ. ಸಂಸ್ಕೃತದಿಂದ ಬಂದ ಪದ ಅಷ್ಟು ಹಿಂದೆಯೇ ಮನೆಮಾತಾಗಿತ್ತು.

ಹೆಸರಿಡುವ ಕ್ರಮದಲ್ಲಿ ಮಾತ್ರ ಮೂರೂ ಭಾಷೆಗಳು ಜೊತೆಗಿಲ್ಲ. ಹೂರಣ ತುಂಬಿ ಅರ್ಧಚಂದ್ರದಂತೆ ಮಡಿಸಿ ಎಣ್ಣೆಗೆ ಬಿಟ್ಟದ್ದನ್ನು ತಮಿಳು ಸೋಮಾಸಿ ಎಂದೂ ತೆಲುಗು ಕಜ್ಜಿಕಾಯ ಎಂದೂ ಬೇರೊಂದು ಕುಲಕ್ಕೆ ಸೇರಿಸುತ್ತವೆ. ಕನ್ನಡದಲ್ಲಿ ಕರ್ಜಿಕಾಯಿ ಎಂಬ ಹೆಸರಿದ್ದೂ ಕರಿಗಡುಬು ಉಂಟು. ಕಣಕ ಗೋಧಿಯದೋ ಮೈದಾದ್ದೋ ಆಗಿರಬಹುದು, ಆದೇಶಸಂಧಿಯಲ್ಲಿ ಕಕಾರ ಗಕಾರವಾಗಿರಬಹುದು. ಕರಿದ ಮೇಲೂ ಅದು ಕಡುಬೇ. ಹೂರಣವಿಲ್ಲದೆ ಹಲಸಿನೆಲೆಯಲ್ಲಿ ಬೇಯುವ ಕರಾವಳಿಯ ಕೊಟ್ಟೆ ಕಡುಬೂ ಕಡುಬೇ. ಕೊಳುಕ್ಕಟ್ಟೈ ಕೂಡ ಮುಷ್ಟಿಯಲ್ಲಿ ಹಿಡಿದ ಪಿಡಿ ಕೊಳುಕ್ಕಟ್ಟೈವರೆಗೆ ಹಬ್ಬುತ್ತದೆ, ಆದರೆ ಬಹುಪಾಲು ಹಬೆಯ ಮಿತಿಯೊಳಗೇ. ಹೀಗಾಗಿ ನಿಘಂಟುಗಳು ಕಡುಬಿನೆದುರು ಬರೆಯುವ ಸಮಾನಪದ ಚೌತಿಯ ದಿನಕ್ಕಷ್ಟೇ ಒಪ್ಪುತ್ತದೆ.

ಶಾಲೆಗಳಲ್ಲಿ ತಮಿಳನ್ನು ಕಡ್ಡಾಯಗೊಳಿಸಿದ 2006ರ ಕಾಯ್ದೆಯ ನಂತರ ಇಲ್ಲಿಯ ಕನ್ನಡದ ಚರ್ಚೆ ಹೆಚ್ಚಾಗಿ ತರಗತಿಯ ಸುತ್ತಲೇ ನಡೆದಿದೆ. ಅದು ಸಹಜವೂ ಹೌದು. ಆದರೆ ಜನಗಣತಿಯ ವ್ಯಾಖ್ಯೆಯಂತೆ ಮಾತೃಭಾಷೆಯೆಂದರೆ ಬಾಲ್ಯದಲ್ಲಿ ತಾಯಿ ಮಗುವಿನೊಡನೆ ಆಡಿದ ಭಾಷೆ. ತೆಲುಗು ತವರಿನಿಂದ ಕನ್ನಡದ ಮನೆಗೆ ಬಂದು, ತಮಿಳು ಓದುವ ಮಗುವಿನ ಕೈಗೆ ಕಡುಬಿಡುವ ತಾಯಿಗೆ ಅಲ್ಲಿರುವುದು ಒಂದೇ ಅಂಕಣ. ತಿನಿಸನ್ನು ತೋರಿಸಿ ಒಂದು ಹೆಸರು ಕೇಳುವ ನಮ್ಮ ಪದಸಂಗ್ರಹಗಳೂ ಅಷ್ಟೇ ಇಕ್ಕಟ್ಟಾಗಿವೆ. ಅದನ್ನೇ ಕರಿದರೆ ಏನೆನ್ನುತ್ತೀರಿ ಎಂದೂ ಕೇಳಬೇಕು. ಹಬೆಯದನ್ನು ಕೊಳುಕ್ಕಟ್ಟೈ ಎನ್ನುತ್ತ, ಎಣ್ಣೆಯದನ್ನು ಇನ್ನೂ ಕರಿಗಡುಬು ಎನ್ನುವ ಮನೆಯಲ್ಲಿ ಕಡುಬು ಎಂಬ ಪದ ತಾನಾಗಿ ನಿಲ್ಲಲಾರದೆ ಸಮಾಸದ ಉತ್ತರಪದವಾಗಿ ಮಾತ್ರ ಬದುಕಿರುತ್ತದೆ. ಶಾಲೆಯ ದಾಖಲಾತಿಯಲ್ಲಿ ಆ ನಷ್ಟ ಕಾಣುವುದಿಲ್ಲ.